ಹರಿದು ಹಂಚಿಹೋದ ವರುಷಗಳು

ನಿಧಿ ಎಂದೊಡನೆ ನಮ್ಮ ಹಳೆಯ ಕತೆಗಳ ಕೊಪ್ಪರಿಗೆ ಹೊನ್ನು ನೆನಪಾಗುತ್ತದೆ. ಅದು ನೆಲದೊಳಗೆ ಹೂತಿರುತ್ತದೆ. ಸರ್ಪವೊಂದು ಅದನ್ನು ಕಾಯುತ್ತಿರುತ್ತದೆ. ಕಣ್ಣಿಗೆ ಅಂಜನ ಹಚ್ಚಿಕೊಂಡವನಿಗಲ್ಲದೆ ಅದು ಕಾಣಿಸದು. ದುಡಿಯುವ ಜನರ ಭವಿಷ್ಯ ನಿಧಿಯೂ ಎಷ್ಟೋ ವೇಳೆ ಹೀಗೆಯೇ ಹೂತುಹೋಗಿರುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ಹೂತವನೂ ಅವನೇ, ಮರೆತವನೂ ಅವನೇ.

ನನ್ನ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುತ್ತಿದ್ದ ಹಿರಿಯರೊಬ್ಬರು ಒಂದು ಮುದ್ರಣಾಲಯದಲ್ಲಿ ಆರು ವರ್ಷ, ಮತ್ತೊಂದರಲ್ಲಿ ಐದು ವರ್ಷ ದುಡಿದವರು. ಮೊದಲನೆಯದು ಬಾಗಿಲು ಮುಚ್ಚಿತ್ತು. “ಮನೆಯೇ ಬಿದ್ದ ಮೇಲೆ ಅಟ್ಟದ ಲೆಕ್ಕವೆಲ್ಲಿ ಸ್ವಾಮಿ?” ಎಂದು ಅವರು ಆ ಆರು ವರ್ಷಗಳನ್ನು ಮರೆತೇಬಿಟ್ಟಿದ್ದರು. ಆದರೆ ಈ ಹಣ ಮಾಲೀಕನ ತಿಜೋರಿಯಲ್ಲಿರುವಂಥದಲ್ಲ. 1952ರ ಕಾಯಿದೆಯಿಂದ ಮೈತಳೆದ ನೌಕರರ ಭವಿಷ್ಯ ನಿಧಿ ಸಂಘಟನೆಯ ಲೆಕ್ಕದಲ್ಲಿ ಅದು ಇರುತ್ತದೆ. ಕೆಲವು ದೊಡ್ಡ ಸಂಸ್ಥೆಗಳು ತಮ್ಮದೇ ಟ್ರಸ್ಟಿನಲ್ಲಿ ಇಡುವುದುಂಟು; ಅದೂ ಸಂಘಟನೆಯ ಮೇಲ್ವಿಚಾರಣೆಗೆ ಒಳಪಟ್ಟದ್ದೇ.

ಇಲ್ಲಿ ಎರಡು ಹೊಳೆಗಳಿವೆ ಎಂಬುದನ್ನು ಗಮನಿಸಬೇಕು. ಒಂದು ಭವಿಷ್ಯ ನಿಧಿ. ಇನ್ನೊಂದು, 1995ರ ನವೆಂಬರ್ 16ರಂದು ಜಾರಿಗೆ ಬಂದ ಪಿಂಚಣಿ ಯೋಜನೆ. ಮಾಲೀಕನ ಪಾಲಿನಿಂದ ವೇತನದ ಶೇಕಡಾ 8.33ರಷ್ಟು ಈ ಎರಡನೆಯದಕ್ಕೆ ಹರಿಯುತ್ತದೆ. ಕೆಲಸ ಬದಲಿಸಿದಾಗ ಭವಿಷ್ಯ ನಿಧಿಯ ಹಣ ಹೊಸ ಖಾತೆಗೆ ವರ್ಗವಾಗುತ್ತದೆ; ಪಿಂಚಣಿಯಲ್ಲಿ ವರ್ಗವಾಗುವುದು ಹಣವಲ್ಲ, ಸೇವೆಯ ವರ್ಷಗಳು. ಹತ್ತು ವರ್ಷ ತುಂಬಿದವನಿಗೆ 58ನೆಯ ವಯಸ್ಸಿನಿಂದ ಬದುಕಿರುವವರೆಗೆ ಪಿಂಚಣಿ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಇದರ ಸೂತ್ರ. 2014ರ ಸೆಪ್ಟೆಂಬರ್ ಕಳೆದ ಮೇಲೆ ಸೇವೆಗೆ ಸೇರಿದವನ ಸರಾಸರಿ 14,000 ರೂಪಾಯಿ, ಸೇವೆ 11 ವರ್ಷ ಎನ್ನೋಣ; ತಿಂಗಳಿಗೆ 2,200 ರೂಪಾಯಿ ಬರುತ್ತದೆ. ಅದೇ ಹನ್ನೊಂದು ವರ್ಷ ಆರು ಮತ್ತು ಐದಾಗಿ ಒಡೆದು ಬಿದ್ದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ. ಕೆಲಸ ಬಿಟ್ಟ ಅವಸರದಲ್ಲಿ ಪಿಂಚಣಿಯ ಪಾಲನ್ನು ಹಿಂತೆಗೆದುಕೊಂಡವನು ಹಣದೊಂದಿಗೆ ಆ ವರ್ಷಗಳನ್ನೂ ಕೈಬಿಟ್ಟಂತೆ. ಅದರ ಬದಲು ಯೋಜನಾ ಪ್ರಮಾಣಪತ್ರವನ್ನು ಕೇಳಿ ಪಡೆದರೆ ವರ್ಷಗಳು ಉಳಿಯುತ್ತವೆ.

ಇನ್ನು ಅಂಜನದ ಮಾತು. 2014ರಿಂದ ಪ್ರತಿ ನೌಕರನಿಗೂ 12 ಅಂಕಿಗಳ ಒಂದೇ ಸಾರ್ವತ್ರಿಕ ಖಾತೆ ಸಂಖ್ಯೆ ಬಂದಿದೆ. ಅದಕ್ಕೂ ಹಿಂದೆ ಒಬ್ಬೊಬ್ಬ ಮಾಲೀಕನಲ್ಲಿ ಒಂದೊಂದು ಸಂಖ್ಯೆ. ಹಳೆಯ ವೇತನ ಚೀಟಿ, ವಾರ್ಷಿಕ ಲೆಕ್ಕದ ಚೀಟಿ, ನೇಮಕದ ಪತ್ರ, ಇವುಗಳಲ್ಲಿ ಯಾವುದಾದರೊಂದು ಸಿಕ್ಕಿದರೂ ಪ್ರಾದೇಶಿಕ ಕಚೇರಿಯಲ್ಲಿ ಹುಡುಕಾಟಕ್ಕೆ ತಲೆಬಾಗಿಲು ತೆರೆದಂತೆ. ಆಮೇಲೆ ಹಳೆಯ ಸಂಖ್ಯೆಯನ್ನು ಹೊಸದಕ್ಕೆ ಜೋಡಿಸಿ ವರ್ಗಾವಣೆ ಕೇಳಬೇಕು.

ನಮ್ಮ ಹಿರಿಯರಿಗೆ ಮೊದಲ ಮುದ್ರಣಾಲಯದ ಚೀಟಿ ಸಿಕ್ಕಿದ್ದು ಒಂದು ಹಳೆಯ ಪಂಚಾಂಗದ ನಡುವೆ. ಆದರೆ ಅಲ್ಲೊಂದು ತೊಡಕು. ಅವರ ಹೆಸರಿನ ಕೊನೆಗೆ ‘ಮೂರ್ತಿ’ ಎಂದಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ‘ಎಚ್’ ಸೇರಿಸಿದ್ದ, ಇನ್ನೊಬ್ಬ ಬಿಟ್ಟಿದ್ದ. ಕನ್ನಡದಲ್ಲಿ ಒಬ್ಬನೇ ಆದವನು ಕಡತದಲ್ಲಿ ಇಬ್ಬರಾಗಿ ನಿಂತಿದ್ದ! ನಲವತ್ತು ವರ್ಷ ಕಾಗುಣಿತವನ್ನು ತಿದ್ದಿದ ನನಗೆ, ಒಂದಕ್ಷರದ ತಪ್ಪಿಗೆ ಇಷ್ಟು ಬೆಲೆಯುಂಟೆಂದು ಅಂದೇ ತಿಳಿದದ್ದು. ಹೆಸರು, ಜನ್ಮದಿನಾಂಕ, ಸೇರಿದ ಮತ್ತು ಬಿಟ್ಟ ದಿನಗಳು ಎಲ್ಲ ದಾಖಲೆಗಳಲ್ಲಿಯೂ ಒಂದೇ ಆಗಿರಬೇಕು. ಇಲ್ಲವಾದರೆ ಮೊದಲು ತಿದ್ದುಪಡಿಗೆ ಅರ್ಜಿ ಹಾಕಬೇಕು. ಈ ಕೆಲಸವನ್ನು ಮೈಯಲ್ಲಿ ಕಸುವಿರುವಾಗಲೇ ಮಾಡುವುದು ಲೇಸು. ನಮ್ಮ ಕಾಲಾನಂತರ ಆ ಕಡತವನ್ನು ಹಿಡಿದು ಅಲೆಯಬೇಕಾದವರು ಮನೆಯ ಹೆಂಗಸರು, ಮಕ್ಕಳು.

ಕೆಲವು ತಿಂಗಳ ಓಡಾಟದ ಮೇಲೆ ಅವರ ಹನ್ನೊಂದು ವರ್ಷಗಳು ಒಂದಾದವು. “ಬಿಡಿ ಹಾಳೆ ಹೊಲಿಯುವುದು ನನ್ನ ಕಸುಬು. ನನ್ನದೇ ಹಾಳೆಗಳು ಚೆದುರಿದ್ದು ಮಾತ್ರ ಕಂಡಿರಲಿಲ್ಲ” ಎಂದರು ಅವರು.

(ಬಾನುಲಿ ಭಾಷಣ)