ರಿಯಾಯಿತಿಗೆ ಸೋಲದ ಪುಸ್ತಕದ ಬೀದಿ

ಬೆಂಗಳೂರಿನ ಎಂ.ಜಿ. ರಸ್ತೆಯ ಹಿಂಬದಿಗೆ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಹಾಯುವ ಚರ್ಚ್ ಸ್ಟ್ರೀಟ್ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. ರಜೆಯ ದಿನ ಅಲ್ಲಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಿಗೆ ಹೋದರೆ ಕಪಾಟುಗಳ ನಡುವೆ ಒಬ್ಬರನ್ನೊಬ್ಬರು ತಾಗಿಕೊಂಡೇ ದಾಟಬೇಕು. ಪುಸ್ತಕವನ್ನು ಮನೆ ಬಾಗಿಲಿಗೇ ತರಿಸಿಕೊಳ್ಳುವ ಕಾಲದಲ್ಲೂ ಇಷ್ಟು ಜನ ಇಲ್ಲಿಗೆ ಬರುತ್ತಾರೆ. ದೇಶದ ಆನ್‌ಲೈನ್ ಪುಸ್ತಕ ವ್ಯಾಪಾರ ಮೈತುಂಬಿಕೊಂಡದ್ದು ಇದೇ ಊರಿನಲ್ಲಿ ಎಂಬುದನ್ನು ನೆನೆದರೆ ಈ ಅಂಗಡಿಗಳ ಬಾಳಿಕೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

2007ರ ಅಕ್ಟೋಬರ್‌ನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಕೋರಮಂಗಲದ ಫ್ಲಾಟೊಂದರಿಂದ ಫ್ಲಿಪ್‌ಕಾರ್ಟ್ ಆರಂಭಿಸಿದಾಗ ಮಾರಿದ್ದು ಪುಸ್ತಕಗಳನ್ನು ಮಾತ್ರ. ಪುಸ್ತಕ ಹಳಸುವುದಿಲ್ಲ, ಒಡೆಯುವುದಿಲ್ಲ, ಅಳತೆ ಸರಿಯಿಲ್ಲವೆಂದು ಹಿಂದಿರುಗುವುದಿಲ್ಲ. ಯಾರಿಂದ ಕೊಂಡರೂ ಒಳಗಿನ ಅಕ್ಷರ ಅದೇ. ಹಾಗಾಗಿ ಬೆಲೆಯೊಂದೇ ಪೈಪೋಟಿಯ ವಿಷಯವಾಯಿತು. 2010ರಲ್ಲಿ ಪುಸ್ತಕ ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆ ಬಂತು, 2013ರಲ್ಲಿ ಅಮೆಜಾನ್ ಭಾರತದ ಮಾರುಕಟ್ಟೆಗೆ ಇಳಿಯಿತು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ತೆತ್ತು ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲು ಕೊಂಡಿತು.

ಅಂಗಡಿಕಾರನ ಲೆಕ್ಕ ಬೇರೆ. ಪ್ರಕಾಶಕರು ಕೊಡುವ ಕಮಿಷನ್ನಿನಲ್ಲೇ ಬಾಡಿಗೆ, ವಿದ್ಯುತ್ತು, ಕೆಲಸದವರ ಸಂಬಳ ಎಲ್ಲವೂ ಹೊಂದಬೇಕು. ಉಳಿದದ್ದರಲ್ಲಿ ಗ್ರಾಹಕನಿಗೂ ಒಂದಿಷ್ಟು ಬಿಡಬೇಕು. ಹೂಡಿಕೆದಾರರ ಹಣದ ಬಲದಿಂದ ವರ್ಷಗಟ್ಟಲೆ ನಷ್ಟ ತಾಳಿಕೊಂಡು ಮಾರುವ ಕಂಪನಿಯ ಎದುರು ರಿಯಾಯಿತಿಯ ಆಟ ಆಡಿದರೆ ಅವನಿಗೆ ಉಳಿವಿಲ್ಲ.

ಹಾಗೆಂದು ಮುಚ್ಚಿದ ಪ್ರತಿ ಅಂಗಡಿಯ ಪಾಪವನ್ನೂ ಆನ್‌ಲೈನ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಏರುವ ಬಾಡಿಗೆ, ಮಾಲೀಕರ ವಯಸ್ಸು, ಮುಂದೆ ನಡೆಸುವವರ ಕೊರತೆ, ಇವೂ ಸೇರಿಕೊಳ್ಳುತ್ತವೆ. ಟಿ.ಎಸ್. ಶಾನಭಾಗರು 1971ರಲ್ಲಿ ಆರಂಭಿಸಿದ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು. ಚರ್ಚ್ ಸ್ಟ್ರೀಟ್ ಮ್ಯೂಸಿಯಂ ರಸ್ತೆಯನ್ನು ಕೂಡುವಲ್ಲಿದ್ದ ಆ ಇಕ್ಕಟ್ಟಿನ ಅಂಗಡಿಯಲ್ಲಿ ಪುಸ್ತಕಗಳು ಸೂರಿನವರೆಗೆ ಪೇರಿಸಿಕೊಂಡಿದ್ದವು. ಯಾವ ರಾಶಿಯ ಎಷ್ಟನೆಯ ಪದರದಲ್ಲಿ ಯಾವ ಪುಸ್ತಕವಿದೆಯೆಂದು ಶಾನಭಾಗರಿಗೆ ಕಂಪ್ಯೂಟರಿನ ನೆರವಿಲ್ಲದೆ ಗೊತ್ತಿತ್ತು. ಅವರು 2021ರಲ್ಲಿ ತೀರಿಕೊಂಡಾಗ ನಗರದ ಓದುಗರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ನೊಂದರು.

ಪುಸ್ತಕ ಮಾರುವುದೂ ಒಂದು ಕಸುಬು, ಬ್ಲಾಸಮ್ ಅದಕ್ಕೆ ಜೀವಂತ ಸಾಕ್ಷಿ. ಅದರ ಸ್ಥಾಪಕ ಮಾಯಿಗೌಡರು ಹಳ್ಳಿಯಿಂದ ಬಂದು ಎಂಜಿನಿಯರಿಂಗ್ ಓದುತ್ತಲೇ ಎಂ.ಜಿ. ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕ ಮಾರಿದವರು. ಈ ಶತಮಾನದ ಮೊದಲ ವರ್ಷಗಳಲ್ಲಿ ಪುಟ್ಟ ಮಳಿಗೆಯಿಂದ ಆರಂಭವಾದ ಅಂಗಡಿ ಇಂದು ಮಹಡಿಗಳಿಗೆ ಹಬ್ಬಿದೆ. ಬುಕ್‌ವರ್ಮ್‌ನ ಕೃಷ್ಣಗೌಡರೂ ಪಾದಚಾರಿ ಮಾರ್ಗದಿಂದಲೇ ಮೇಲೆ ಬಂದವರು. ಬ್ರಿಗೇಡ್ ರಸ್ತೆಯ ಪಕ್ಕದ ಸಂದಿಯಲ್ಲಿರುವ ಸೆಲೆಕ್ಟ್ ಬುಕ್‌ಶಾಪ್‌ನ ಮೂಲ ಇನ್ನೂ ಹಳೆಯದು: ಕೆ.ಬಿ.ಕೆ. ರಾವ್ ಅದನ್ನು ತೆರೆದದ್ದು 1945ರಲ್ಲಿ.

ಇವರ ಬಲ ಹಳೆಯ ಪುಸ್ತಕ. ಹೊಸ ಪುಸ್ತಕದ ಬೆಲೆ ಅದರ ಬೆನ್ನಿನ ಮೇಲೇ ಅಚ್ಚಾಗಿರುತ್ತದೆ, ಅದನ್ನು ಯಾರು ಬೇಕಾದರೂ ಕಡಿಮೆಗೆ ಮಾರಬಲ್ಲರು. ಹಳೆಯದಕ್ಕೆ ಬೆಲೆ ಕಟ್ಟಲು ಕಣ್ಣು ಬೇಕು. ಮನೆ ಬದಲಿಸುವವರು, ಹಿರಿಯರ ಸಂಗ್ರಹ ವಿಲೇವಾರಿ ಮಾಡುವವರು ತಂದು ಸುರಿಯುವ ಮೂಟೆಯಲ್ಲಿ ಯಾವುದು ಮೊದಲ ಮುದ್ರಣ, ಯಾವುದು ಮರುಮುದ್ರಣ ಕಾಣದ ಕೃತಿ, ಯಾವುದು ಬರೀ ರದ್ದಿ ಎಂದು ಕೈಯಲ್ಲಿ ಹಿಡಿದೇ ಹೇಳಬೇಕು. ಓದುಗನಿಗೂ ಇಲ್ಲಿ ಲಾಭವಿದೆ. ಪರದೆಯ ಮೇಲೆ ನಾವು ಹುಡುಕುವುದು ಹೆಸರು ಗೊತ್ತಿರುವ ಪುಸ್ತಕವನ್ನು. ಹೆಸರೇ ಕೇಳಿರದ ಪುಸ್ತಕ ಕೈಗೆ ಸಿಗುವುದು ಕಪಾಟಿನ ಮುಂದೆ ನಿಂತಾಗ.

ಆನ್‌ಲೈನ್ ಮಾಡಿದ ಉಪಕಾರವನ್ನೂ ಒಪ್ಪಬೇಕು. ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕಿನ ಓದುಗರಿಗೂ ಹೊರದೇಶದ ಕನ್ನಡಿಗರಿಗೂ ಕನ್ನಡ ಪುಸ್ತಕ ತಲುಪುವ ದಾರಿ ಅದರಿಂದ ತೆರೆಯಿತು. 1967ರಲ್ಲಿ ಆರಂಭವಾದ ಗಾಂಧಿನಗರದ ಸಪ್ನ ಬುಕ್ ಹೌಸ್ ತನ್ನದೇ ಜಾಲತಾಣದಲ್ಲೂ ಮಾರುತ್ತಿದೆ. ಅಂಗಡಿಯೂ ಜಾಲತಾಣವೂ ಒಂದೇ ಸೂರಿನಡಿ ಬಾಳಬಲ್ಲವು.

ಬಾಳದಿರುವುದು ಅಸಮಾನ ಪೈಪೋಟಿ. ಫ್ರಾನ್ಸ್ ಇದನ್ನು ಬೇಗ ಕಂಡುಕೊಂಡಿತು. 1981ರ ಕಾನೂನಿನ ಪ್ರಕಾರ ಅಲ್ಲಿ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರೇ ನಿಗದಿ ಮಾಡುತ್ತಾರೆ, ಅಂಗಡಿಯವರು ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಒಟ್ಟು ಮೊತ್ತ 35 ಯೂರೋಗಿಂತ ಕಡಿಮೆಯಿರುವ ಹೊಸ ಪುಸ್ತಕಗಳ ಆರ್ಡರನ್ನು ಮನೆಗೆ ತಲುಪಿಸಲು ಕನಿಷ್ಠ 3 ಯೂರೋ ಶುಲ್ಕ ವಿಧಿಸಬೇಕೆಂಬ ನಿಯಮ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನಮ್ಮಲ್ಲಿ ಪುಸ್ತಕಕ್ಕೆ ಅಂಥ ರಕ್ಷಣೆಯಿಲ್ಲ. ಇಲ್ಲಿ ಅಂಗಡಿಯನ್ನು ಕಾಯುವವರು ಓದುಗರು ಮಾತ್ರ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಂಗಡಿಯಲ್ಲಿ ಅರ್ಧ ಗಂಟೆ ಪುಟ ತಿರುವಿ, ಮುಖಪುಟದ ಫೋಟೊ ತೆಗೆದುಕೊಂಡು, ಹೊರಗೆ ಬಂದು ಮೊಬೈಲಿನಲ್ಲಿ ಆರ್ಡರ್ ಮಾಡಬೇಡಿ. ನಿಮ್ಮ ಊರಿನ ಅಂಗಡಿಯಲ್ಲಿ ಕಂಡ ಪುಸ್ತಕವನ್ನು ಅಲ್ಲೇ ಕೊಳ್ಳಿ. ಇಲ್ಲದಿದ್ದರೆ ತರಿಸಿಕೊಡಲು ಹೇಳಿ, ನಾಲ್ಕು ದಿನ ಕಾಯಿರಿ. ನೀವು ಹೆಚ್ಚಾಗಿ ಕೊಟ್ಟ ಮೂವತ್ತು ನಲವತ್ತು ರೂಪಾಯಿ ಆ ಅಂಗಡಿಯ ಬಾಗಿಲನ್ನು ನಿಮ್ಮ ಮಕ್ಕಳಿಗಾಗಿ ತೆರೆದಿಡುತ್ತದೆ.