ಹೇಳಿಕೊಟ್ಟವರ ಹೆಸರು ಬಿಡದ ಬರಹ

ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಲಗ್ನಪತ್ರಿಕೆ ಮಾಡಿಸಲು ಬಂದವರು ಬಣ್ಣ, ಡಿಸೈನುಗಳನ್ನು ಬೇಗ ಒಪ್ಪಿಬಿಡುತ್ತಾರೆ. ಹೊತ್ತು ಹಿಡಿಯುವುದು ಪ್ರೂಫು ನೋಡುವಾಗ. ದೊಡ್ಡಪ್ಪನ ಹೆಸರು ಬಿಟ್ಟುಹೋಗಿದೆಯೇ, ಸೋದರಮಾವನ ಇನಿಷಿಯಲ್ಲು ಸರಿಯಿದೆಯೇ ಎಂದು ಮನೆಮಂದಿಯೆಲ್ಲ ಬೆರಳಿಟ್ಟು ಓದುತ್ತಾರೆ. ರೈತರ, ನಾಟಿವೈದ್ಯರ, ಸೂಲಗಿತ್ತಿಯರ ತಿಳಿವಳಿಕೆಯನ್ನು ಅಚ್ಚಿಗೆ ಕಳಿಸುವವರಿಗೂ ಬೇಕಾದದ್ದು ಇದೇ ಎಚ್ಚರ. ಬಹುಕಾಲ ಅದು ಇರಲಿಲ್ಲ. ‘ಸ್ಥಳೀಯರು ಹೇಳುವಂತೆ’ ಎಂಬ ಎರಡು ಪದದೊಳಗೆ ಮದ್ದು ಹೇಳಿಕೊಟ್ಟ ಅಜ್ಜಿ ಕಾಣೆಯಾಗುತ್ತಿದ್ದಳು, ಬರೆದವರ ಹೆಸರು ಮಾತ್ರ ದಪ್ಪಕ್ಷರದಲ್ಲಿ ಬರುತ್ತಿತ್ತು.

ಈ ಅನ್ಯಾಯವನ್ನು ನೇರವಾಗಿ ಎದುರಿಸಿದವರು ಅಹಮದಾಬಾದಿನ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದ ಅನಿಲ್ ಗುಪ್ತಾ. 1980ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ‘ಹನಿ ಬೀ’ ಜಾಲದ ಕಟ್ಟಳೆಗಳು ಸರಳ: ತಿಳಿವಳಿಕೆ ಕೊಟ್ಟವರ ಹೆಸರು, ಊರು ಅಚ್ಚಾಗಬೇಕು; ಬರೆದದ್ದು ಅವರದೇ ಭಾಷೆಯಲ್ಲಿ ಅವರಿಗೆ ಮರಳಬೇಕು; ಲಾಭ ಬಂದರೆ ಅದರಲ್ಲಿ ಅವರಿಗೂ ಪಾಲಿರಬೇಕು. ಎರಡನೆಯ ಕಟ್ಟಳೆಯಿಂದಾಗಿಯೇ ಜಾಲದ ಪತ್ರಿಕೆ ಹಲವು ಭಾರತೀಯ ಭಾಷೆಗಳಲ್ಲಿ ಹೊರಬಂತು. ಕನ್ನಡದಲ್ಲಿ ಅದು ‘ಹಿತ್ತಲ ಗಿಡ’. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಟಿ.ಎನ್. ಪ್ರಕಾಶ್ ಕಮ್ಮರಡಿ ಅದನ್ನು ನಡೆಸಿದರು.

ಪುತ್ತೂರಿನ ಅಡಿಕೆ ಬೆಳೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1988ರಲ್ಲಿ ಅಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯ ಘೋಷವಾಕ್ಯ ‘ಕೃಷಿಕರ ಕೈಗೆ ಲೇಖನಿ’. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಅದರ ಸಂಪಾದಕತ್ವ ವಹಿಸಿಕೊಂಡು ತೋಟದವರಿಗೇ ಬರವಣಿಗೆಯ ಶಿಬಿರ ನಡೆಸಿದರು. ಮಣ್ಣು ಮುಟ್ಟಿದವರ ಅನುಭವ ಮಧ್ಯವರ್ತಿಯಿಲ್ಲದೆ ಪುಟಕ್ಕೆ ಬರಲಿ ಎಂಬ ಹಟ ಅದರ ಹಿಂದಿತ್ತು. ಓದಿದ ಕೃಷಿಕ ನೇರವಾಗಿ ವಿಚಾರಿಸಿಕೊಳ್ಳಲಿ ಎಂದು ಬರಹದ ಕೊನೆಗೆ ಫೋನ್ ನಂಬರು ಹಾಕುವ ಕ್ರಮವನ್ನೂ ಇಟ್ಟುಕೊಂಡರು. ಕನ್ನಡ ಪತ್ರಿಕೋದ್ಯಮದಲ್ಲಿ ಇದಕ್ಕಿಂತ ದಿಟ್ಟ ಪ್ರಯೋಗಗಳು ಕಡಿಮೆ.

ಇಂಥ ಪತ್ರಿಕೆಗೆ ಬರೆಯಲು ಹೊರಟವರು ಮೊದಲು ಕಲಿಯಬೇಕಾದದ್ದು ಬಿಡಿಸಿ ಕೇಳುವುದನ್ನು. ‘ಬೇವಿನ ಕಷಾಯ ಹೊಡೆದರೆ ಹುಳು ಹೋಗುತ್ತದೆ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಎಲೆಯೋ, ಬೀಜವೋ? ಐದು ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ನೂರು ಲೀಟರಿಗೆ ನೀರು ಸೇರಿಸಿ, ಚೂರು ಸೋಪು ಕದಡಿ, ಬಿಸಿಲಿಳಿದ ಮೇಲೆ ಸಿಂಪಡಿಸಬೇಕು ಎಂದಾಗ ಅದು ಇನ್ನೊಬ್ಬ ರೈತನ ಕೈಗೆ ಸಿಗುವ ಮಾತಾಗುತ್ತದೆ. ಯಾವ ಬೆಳೆ, ಯಾವ ಹುಳು, ಯಾವ ತಿಂಗಳು ಎಂಬುದೂ ಬೇಕು. ಫಲ ಕೊಡದೆ ಹೋದ ವರ್ಷದ ಕಥೆಯನ್ನೂ ಬಿಡುವಂತಿಲ್ಲ.

ಗಿಡದ ಹೆಸರು ಇನ್ನೂ ತೊಡಕಿನದು. ಕರ್ನಾಟಕದಲ್ಲಿ ಅನೇಕರು ಬ್ರಾಹ್ಮಿ ಎನ್ನುವುದು ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾವನ್ನು. ತುಳುನಾಡಿನಲ್ಲಿ ಅದೇ ತಿಮರೆ. ಬೇರೆಡೆ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ಮದ್ದಿನ ವಿಷಯದಲ್ಲಿ ಈ ಗೊಂದಲ ಅಪಾಯಕಾರಿ. ಆದ್ದರಿಂದ ಊರಿನ ಹೆಸರು, ಶಾಸ್ತ್ರೀಯ ಹೆಸರು ಎರಡನ್ನೂ ಕೊಟ್ಟು, ಗಿಡದ ಫೋಟೊ ಜೋಡಿಸಬೇಕು. ಸಂಶೋಧನಾ ಪತ್ರಿಕೆಗಾದರೆ ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಯನ್ನು ಹರ್ಬೇರಿಯಂನಲ್ಲಿ ಇಟ್ಟು ಅದರ ಸಂಖ್ಯೆಯನ್ನೂ ನಮೂದಿಸುವುದು ರೂಢಿ.

ಇಷ್ಟೆಲ್ಲ ಕಷ್ಟ ಯಾಕೆ ಎನ್ನುವವರು ಅರಿಶಿನದ ಪ್ರಕರಣವನ್ನು ನೆನೆಯಬೇಕು. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿತು. ‘ನಮ್ಮಜ್ಜಿಗೂ ಗೊತ್ತಿತ್ತು’ ಎಂಬ ಮಾತು ಅಲ್ಲಿ ಸಾಲದು, ಅಚ್ಚಾದ ಪುರಾವೆ ಬೇಕಿತ್ತು. ಸಲ್ಲಿಸಿದ ದಾಖಲೆಗಳಲ್ಲಿ ಹಳೆಯ ಸಂಸ್ಕೃತ ಗ್ರಂಥದ ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಒಂದು ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕಿಸುವುದೂ ತಪ್ಪು. ಮದ್ದಿನ ಗುಟ್ಟು ಹೊರಬಿದ್ದರೆ ಅದರ ಗುಣ ಹೋಗುತ್ತದೆಂದು ನಂಬಿದ ನಾಟಿವೈದ್ಯರು ಇಂದಿಗೂ ಇದ್ದಾರೆ. ಅದೇ ಅವರ ಜೀವನೋಪಾಯವೂ ಇರಬಹುದು. ಒಮ್ಮೆ ಪ್ರಕಟವಾದದ್ದು ಎಲ್ಲರದಾಗುತ್ತದೆ, ಹಿಂದಕ್ಕೆ ಪಡೆಯಲಾಗದು. ಇದನ್ನು ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲಷ್ಟೇ ಬರೆಯಬೇಕು. ಬೇಡವೆಂದರೆ ನೋಟ್‌ಬುಕ್ ಮುಚ್ಚಬೇಕು. ಪೂರ್ವಸಮ್ಮತಿಯನ್ನು ಗಂಭೀರ ಪತ್ರಿಕೆಗಳು ಇಂದು ಕಡ್ಡಾಯವಾಗಿ ಕೇಳುತ್ತವೆ.

ಕಳಿಸುವ ಕೆಲಸ ದೊಡ್ಡದಲ್ಲ. ಕಳಿಸಬೇಕೆಂದಿರುವ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿ ಅದರ ಅಳತೆಗೆ ತಕ್ಕಂತೆ ಬರೆದು, ಒಮ್ಮೆಗೆ ಒಂದೇ ಕಡೆಗೆ ಕಳಿಸಿದರಾಯಿತು. ಅದಕ್ಕೆ ಮುಂಚೆ ಬರೆದದ್ದನ್ನು ಹೇಳಿಕೊಟ್ಟವರ ಎದುರು ಕೂತು ಪೂರ್ತಿ ಓದಿ. ಅವರು ತಿದ್ದಿದ್ದನ್ನು ತಿದ್ದಿ, ಅವರ ಹೆಸರು ಮತ್ತು ಊರನ್ನು ಅವರು ಹೇಳಿದಂತೆಯೇ ಬರೆಯಿರಿ. ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಅವರ ಮನೆಗೆ ತಲುಪಿಸಿ.