ದಾಖಲೆಯನ್ನು ಓದುವುದು, ಬರೆಯುವುದು: ಇ-ಸ್ವತ್ತು ತಂತ್ರಾಂಶದ ಕುರಿತು ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಮನೆ ಹಾಗೂ ನಿವೇಶನಗಳ ವಿವರವು ಗ್ರಾಮ ಪಂಚಾಯಿತಿ ಕಚೇರಿಯ ಕೈಬರಹದ ವಹಿಯಲ್ಲಿ ಮಾತ್ರ ಇದ್ದ ಕಾಲದಲ್ಲಿ, ಸಂದೇಹ ಬಂದಾಗ ವಹಿಯನ್ನು ತೆಗೆದು ಪುಟ ನೋಡಿದರೆ ಸಾಕಾಗುತ್ತಿತ್ತು. ಈಗ ಅದೇ ವಿವರ ಇ-ಸ್ವತ್ತು ತಂತ್ರಾಂಶದಲ್ಲಿದೆ. ಅದನ್ನು ಪಂಚಾಯಿತಿಯಷ್ಟೇ ಅಲ್ಲದೆ ಉಪನೋಂದಣಾಧಿಕಾರಿಗಳ ಕಚೇರಿಯ ಕಾವೇರಿ ತಂತ್ರಾಂಶವೂ ಓದುತ್ತದೆ. ಸಾಲ ಕೊಡುವ ಬ್ಯಾಂಕು ಅದರ ಪ್ರತಿಯನ್ನು ಕೇಳುತ್ತದೆ. ಒಂದು ಕಡೆ ತಪ್ಪಾಗಿ ಬರೆದದ್ದು ಎಲ್ಲ ಕಡೆಯೂ ತಪ್ಪಾಗಿಯೇ ಓದಲ್ಪಡುತ್ತದೆ. ಮಗಳ ಮದುವೆಗೆಂದು ನಿವೇಶನ ಮಾರಲು ಹೊರಟ ಕುಟುಂಬವೊಂದು ನೋಂದಣಿಯ ದಿನ ಬರಿಗೈಯಲ್ಲಿ ಹಿಂದಿರುಗಲು ಒಂದು ಅಕ್ಷರದ ವ್ಯತ್ಯಾಸವೂ ಕಾರಣವಾಗಬಲ್ಲದು.

ಸದಸ್ಯರಿಗೆ ಈ ತಂತ್ರಾಂಶದ ಪ್ರವೇಶ ಸಂಕೇತ ಇರುವುದಿಲ್ಲ. ಆದರೆ ವಾರ್ಡಿನ ಜನರು ಮೊದಲು ಬರುವುದು ಸದಸ್ಯರ ಬಳಿಗೆ. ಆದ್ದರಿಂದ ಗಣಕಯಂತ್ರವು ದಾಖಲೆಯನ್ನು ಹೇಗೆ ಓದುತ್ತದೆ, ಹೇಗೆ ಬರೆಯುತ್ತದೆ ಎಂಬ ತಿಳಿವಳಿಕೆ ಅವರಿಗೆ ಅಗತ್ಯ.

ದಾಖಲೆ ಮತ್ತು ಅದರ ಅಂಕಣಗಳು

ದತ್ತಾಂಶದ ಕಡತವನ್ನು ಒಂದು ವಹಿಯೆಂದು ಭಾವಿಸಬಹುದು. ವಹಿಯ ಒಂದು ಸಾಲು ಒಂದು ದಾಖಲೆ; ಆ ಸಾಲಿನ ಒಂದೊಂದು ಮನೆಯೂ ಒಂದು ಅಂಕಣ. ಮಾಲೀಕರ ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ, ಸ್ವತ್ತಿನ ಅಳತೆ, ಚೆಕ್ಕುಬಂದಿ, ಬಳಕೆಯ ವಿಧ ಇವೆಲ್ಲ ಅಂಕಣಗಳು. ಗ್ರಾಮ ಪಂಚಾಯಿತಿಗಳ ಆಯವ್ಯಯ ಹಾಗೂ ಲೆಕ್ಕಪತ್ರಗಳ ನಿಯಮಗಳು, 2006ರ 28ನೇ ನಿಯಮದಡಿ ನಮೂನೆ 9, 30ನೇ ನಿಯಮದಡಿ ನಮೂನೆ 11 ಸಿದ್ಧವಾಗುತ್ತವೆ. ಇವುಗಳನ್ನು ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಬರೆದಿಟ್ಟಿರುವುದಿಲ್ಲ. ಅಂಕಣಗಳಲ್ಲಿ ಇರುವುದನ್ನು ಓದಿ ತಂತ್ರಾಂಶವು ನಮೂನೆಯನ್ನು ಮುದ್ರಿಸಿಕೊಡುತ್ತದೆ. ಆದ್ದರಿಂದ ಕಾಗದದ ಮೇಲಿನ ತಪ್ಪನ್ನು ಪೆನ್ನಿನಿಂದ ತಿದ್ದಿ ಪ್ರಯೋಜನವಿಲ್ಲ, ಅಂಕಣವನ್ನೇ ತಿದ್ದಬೇಕು.

ಕೆಲವು ಅಂಕಣಗಳ ಪರಿಣಾಮ ದೊಡ್ಡದು. ಗ್ರಾಮಠಾಣಾ, ಭೂಪರಿವರ್ತನೆಯಾದ ಬಡಾವಣೆ, ಸರ್ಕಾರಿ ವಸತಿ ಯೋಜನೆಯ ನಿವೇಶನ ಎಂಬ ವರ್ಗಗಳಿಗೆ ನಮೂನೆ 9 ಮತ್ತು 11ಎ ದೊರೆಯುತ್ತವೆ. ಉಳಿದವು 11ಬಿಗೆ ಹೋಗುತ್ತವೆ. ಮೊಳಕಾಲ್ಮುರು ತಾಲ್ಲೂಕಿನ ನೇಕಾರರೊಬ್ಬರು ವಾಸದ ಮನೆಯಲ್ಲೇ ಮಗ್ಗ ಹಾಕಿಕೊಂಡಿದ್ದು, ಬಳಕೆಯ ಅಂಕಣದಲ್ಲಿ ಇಡೀ ಮನೆ ವಾಣಿಜ್ಯ ಎಂದು ನಮೂದಾದರೆ ತೆರಿಗೆಯ ಬೇಡಿಕೆಯೇ ಬದಲಾಗುತ್ತದೆ.

ಓದುವಾಗ ಆಗುವ ತೊಡಕು

ದಾಖಲೆಯನ್ನು ಓದುವುದಕ್ಕೆ ಎರಡು ದಾರಿಗಳಿವೆ. ಮೊದಲ ಸಾಲಿನಿಂದ ಕೊನೆಯವರೆಗೆ ಒಂದೊಂದಾಗಿ ಹುಡುಕುವುದು ಒಂದು. ಗುರುತಿನ ಸಂಖ್ಯೆ ಕೊಟ್ಟು ನೇರವಾಗಿ ಆ ಸಾಲಿಗೇ ಹೋಗುವುದು ಇನ್ನೊಂದು. ಗುರುತಿನ ಸಂಖ್ಯೆ ಎರಡು ದಾಖಲೆಗಳಿಗೆ ಒಂದೇ ಆಗಿರುವಂತಿಲ್ಲ. ಹೆಸರು ಈ ಕೆಲಸಕ್ಕೆ ಒದಗದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಿನ ಭಕ್ತಿಯಿಂದ ಈ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ಮನೆಮನೆಯಲ್ಲಿದೆ. ಓಬಯ್ಯ, ಬೋರಯ್ಯ, ಪಾಲಯ್ಯ ಎಂಬ ಹೆಸರುಗಳೂ ಹಾಗೆಯೇ. ಒಂದೇ ಗ್ರಾಮದಲ್ಲಿ ತನ್ನ ಹೆಸರೂ ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಇರುವುದು ಅಪರೂಪವಲ್ಲ. ಹೆಸರಿನಿಂದ ಹುಡುಕಿ ಮೊದಲು ಕಂಡ ದಾಖಲೆಯನ್ನು ತೆರೆದರೆ, ಒಬ್ಬರ ತೆರಿಗೆ ಇನ್ನೊಬ್ಬರ ಖಾತೆಗೆ ಜಮೆಯಾಗುವ ಸಂಭವವಿದೆ.

ಗಣಕಯಂತ್ರ ಅರ್ಥವನ್ನು ನೋಡುವುದಿಲ್ಲ, ಅಕ್ಷರವನ್ನು ಮಾತ್ರ ಹೋಲಿಸುತ್ತದೆ. ತಿಪ್ಪೇಸ್ವಾಮಿ, ತಿಪ್ಪೆಸ್ವಾಮಿ, ತಿಪ್ಪೇಸ್ವಾಮಿ ಬಿ. ಎಂಬಿವು ಊರಿನವರಿಗೆ ಒಬ್ಬನೇ ವ್ಯಕ್ತಿ, ಯಂತ್ರಕ್ಕೆ ಮೂವರು. ಆಂಧ್ರದ ಗಡಿಗೆ ಹೊಂದಿಕೊಂಡ ಗ್ರಾಮಗಳಲ್ಲಿ ಮನೆಮಾತು ತೆಲುಗಾಗಿದ್ದು ದಾಖಲೆ ಕನ್ನಡದಲ್ಲಿರುವುದರಿಂದ, ಒಂದೇ ಹೆಸರು ಓಬಯ್ಯ ಎಂದೂ ಓಬುಲಯ್ಯ ಎಂದೂ ನಮೂದಾಗಬಹುದು.

ಬರೆಯುವಾಗ ಆಗುವ ತೊಡಕು

ಓದುವುದರಿಂದ ದಾಖಲೆ ಬದಲಾಗದು, ಬರೆಯುವುದರಿಂದ ಬದಲಾಗುತ್ತದೆ. ಬರೆಯುವುದರಲ್ಲಿ ಮೂರು ವಿಧ: ಹೊಸ ದಾಖಲೆ ಸೇರಿಸುವುದು, ಇರುವುದನ್ನು ತಿದ್ದುವುದು, ಅಳಿಸುವುದು. ತಿದ್ದಬೇಕಾದ ಕಡೆ ಹೊಸದನ್ನು ಸೇರಿಸಿದರೆ ಒಂದೇ ಸ್ವತ್ತಿಗೆ ಎರಡು ದಾಖಲೆಗಳಾಗುತ್ತವೆ, ಬೇಡಿಕೆಯೂ ಎರಡು ಬಾರಿ ಬರುತ್ತದೆ.

ಒಂದೇ ದಾಖಲೆಯನ್ನು ಇಬ್ಬರು ಏಕಕಾಲದಲ್ಲಿ ತೆರೆದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದ ನೋಡಬಹುದು. ಒಂದು ಮನೆಯ ಬಾಕಿ 1,200 ರೂಪಾಯಿ ಎಂದಿರಲಿ. ಅಣ್ಣ ಕಚೇರಿಯಲ್ಲಿ 500 ರೂಪಾಯಿ ಕಟ್ಟುತ್ತಾನೆ. ಅದೇ ಹೊತ್ತಿಗೆ ತಮ್ಮ ಬಿಲ್ ಕಲೆಕ್ಟರ್ ಬಳಿ 300 ರೂಪಾಯಿ ಕಟ್ಟುತ್ತಾನೆ. ಎರಡೂ ಕಡೆ ಯಂತ್ರ ಓದಿದ ಬಾಕಿ 1,200. ಮೊದಲನೆಯದು 700 ಎಂದು ಬರೆಯುತ್ತದೆ. ಅದನ್ನು ಅರಿಯದ ಎರಡನೆಯದು ಅದರ ಮೇಲೆಯೇ 900 ಎಂದು ಬರೆಯುತ್ತದೆ. ಉಳಿಯಬೇಕಾದ ಬಾಕಿ 400, ದಾಖಲೆಯಲ್ಲಿರುವುದು 900. ಅಣ್ಣನ 500 ರೂಪಾಯಿ ಲೆಕ್ಕದಿಂದ ಜಾರಿತು. ಇದನ್ನು ತಡೆಯಲೆಂದೇ ಸರಿಯಾಗಿ ರೂಪಿಸಿದ ತಂತ್ರಾಂಶವು ಒಬ್ಬರು ಬರೆಯುತ್ತಿರುವಾಗ ಆ ದಾಖಲೆಗೆ ಬೀಗ ಹಾಕಿ, ಮತ್ತೊಬ್ಬರನ್ನು ಕಾಯಿಸುತ್ತದೆ. ತಂತ್ರಾಂಶದ ಹೊರಗೆ ಬೇರೆ ಹಾಳೆಯಲ್ಲಿ ಲೆಕ್ಕವಿಟ್ಟು ಅನಂತರ ಏರಿಸುವ ಅಭ್ಯಾಸವಿರುವಲ್ಲಿ ಈ ಬೀಗ ಕೆಲಸ ಮಾಡದು. ರಸೀದಿಯನ್ನು ಜೋಪಾನವಾಗಿಡುವಂತೆ ಜನರಿಗೆ ಹೇಳಬೇಕಾದದ್ದು ಇದಕ್ಕಾಗಿಯೇ.

ಖಾತಾ ಬದಲಾವಣೆಯಲ್ಲಿ ಹಳೆಯ ಹೆಸರನ್ನು ತೆಗೆಯುವುದು, ಹೊಸ ಹೆಸರನ್ನು ಸೇರಿಸುವುದು ಎಂಬ ಎರಡು ಕೆಲಸಗಳಿವೆ. ನಡುವೆ ವಿದ್ಯುತ್ ಕಡಿತವಾದರೆ ಸ್ವತ್ತು ಯಾರ ಹೆಸರಿನಲ್ಲೂ ಇಲ್ಲದಂತಾಗಬಾರದು. ಆದಕಾರಣ ಎರಡೂ ಮುಗಿದರಷ್ಟೇ ಬರಹ ಉಳಿಯುವಂತೆ, ಇಲ್ಲವಾದರೆ ಮೊದಲಿನ ಸ್ಥಿತಿಗೇ ಮರಳುವಂತೆ ವ್ಯವಸ್ಥೆ ಇರುತ್ತದೆ. ಪರದೆಯ ಮೇಲೆ ತುಂಬಿದ ಮಾತ್ರಕ್ಕೆ ದಾಖಲೆಯಾಗಿಲ್ಲ. ಅದು ಉಳಿದಿದೆಯೇ ಎಂದು ಮತ್ತೆ ತೆರೆದು ಓದಿ ಖಚಿತಪಡಿಸಿಕೊಳ್ಳಬೇಕು.

ಬರೆದವರ ಹೊಣೆ

ದಾಖಲೆಯನ್ನು ಸಿಬ್ಬಂದಿ ನಮೂದಿಸಿದ ಬಳಿಕ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಪರಿಶೀಲಿಸಿ ಡಿಜಿಟಲ್ ಸಹಿ ಮಾಡುತ್ತಾರೆ. ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಆಗಿರುವುದೇ ಇದರ ರಕ್ಷಣೆ. ಒಬ್ಬರ ಪ್ರವೇಶ ಸಂಕೇತವನ್ನು ಇನ್ನೊಬ್ಬರು ಬಳಸಿದರೆ ಈ ರಕ್ಷಣೆ ಹೆಸರಿಗಷ್ಟೇ ಉಳಿಯುತ್ತದೆ.

ಬರೆದವರ ಹೆಸರು ಉಳಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳ ಕೊನೆಯಲ್ಲಿ, ಬರೆದವನು ಲಿಪಿಕಾರ ಚಪಡ ಎಂದು ನಮೂದಾಗಿದೆ. ಒಂದೇ ಆಜ್ಞೆಯನ್ನು ಮೂರು ಕಡೆ ಬರೆಸಿದ್ದರಿಂದ, ಜಟಿಂಗ ರಾಮೇಶ್ವರದಲ್ಲಿ ಸವೆದುಹೋದ ಭಾಗವನ್ನು ಬ್ರಹ್ಮಗಿರಿಯ ಪ್ರತಿಯಿಂದ ಓದಲು ಸಾಧ್ಯವಾಗಿದೆ. ಕೈಬರಹದ ಹಳೆಯ ವಹಿಗಳನ್ನು ಇಂದಿಗೂ ರಕ್ಷಿಸಿಡಬೇಕೆನ್ನುವುದರ ಕಾರಣವೂ ಇದೇ.

ಹಟ್ಟಿಗಳ ವಿಷಯದಲ್ಲಿ ಎಚ್ಚರಿಕೆ

ಎರಡೂ ತಾಲ್ಲೂಕುಗಳಲ್ಲಿ ಗೊಲ್ಲರ ಹಾಗೂ ನಾಯಕರ ಹಟ್ಟಿಗಳು, ತಾಂಡಾಗಳು ಹಲವು. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಸೇರಿಸಲಾದ 38ಎ ಪ್ರಕರಣವು ಇಂಥ ದಾಖಲೆರಹಿತ ವಸತಿಗಳ ನಿವಾಸಿಗಳಿಗೆ ಹಕ್ಕು ನೀಡಲು ಅವಕಾಶ ಕಲ್ಪಿಸಿದೆ. ಹಟ್ಟಿಯೊಂದು ಮೂಲ ಗ್ರಾಮದಿಂದ ಬೇರ್ಪಟ್ಟು ಕಂದಾಯ ಗ್ರಾಮವಾದಾಗ ಅಲ್ಲಿನ ಎಲ್ಲ ಮನೆಗಳ ಗ್ರಾಮದ ಅಂಕಣ ಬದಲಾಗಬೇಕಾಗುತ್ತದೆ. ಹಳೆಯ ಗ್ರಾಮದಲ್ಲೇ ಉಳಿದುಹೋದ ಮನೆಯು ಹೊಸ ಗ್ರಾಮದ ಪಟ್ಟಿಯನ್ನು ಓದುವಾಗ ಕಾಣಿಸಿಕೊಳ್ಳದು. ದಾಖಲೆ ಅಳಿದಿಲ್ಲ, ಹುಡುಕುವ ಕಡೆ ಅದು ಇಲ್ಲ, ಅಷ್ಟೆ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ವಾರ್ಡ್ ಸಭೆಯಲ್ಲಿ ಸ್ವತ್ತುಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು. ಓದು ಬಾರದ ಹಿರಿಯರೂ ತಮ್ಮ ಹೆಸರು, ಚೆಕ್ಕುಬಂದಿಗಳ ತಪ್ಪನ್ನು ಕೇಳಿಯೇ ಹೇಳಬಲ್ಲರು.

2. ಅರ್ಜಿ ಹಾಗೂ ರಸೀದಿಗಳಲ್ಲಿ ಹೆಸರಿನೊಡನೆ ಸ್ವತ್ತಿನ ಗುರುತಿನ ಸಂಖ್ಯೆಯನ್ನೂ ಬರೆಯುವಂತೆ ಜನರಿಗೆ ತಿಳಿಸುವುದು.

3. ತಿದ್ದುಪಡಿಯನ್ನು ಬಾಯಿಮಾತಿನಲ್ಲಿ ಕೇಳದೆ, ಆಧಾರ ದಾಖಲೆಗಳೊಡನೆ ಲಿಖಿತ ಅರ್ಜಿ ಕೊಡಿಸಿ ಸ್ವೀಕೃತಿ ಪಡೆಯುವುದು.

4. ಮಾಲೀಕರು ತೀರಿಕೊಂಡ ಮನೆಗಳಲ್ಲಿ ವಾರಸುದಾರರ ಹೆಸರಿಗೆ ಖಾತೆ ಮಾಡಿಸಲು ತಡಮಾಡದಂತೆ ಹೇಳುವುದು.

5. ಜಮಾಬಂದಿಯ ದಿನ ಕೆಲವು ರಸೀದಿಗಳನ್ನು ಆಯ್ದು, ತಂತ್ರಾಂಶದ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕದೊಡನೆ ಹೋಲಿಸಿ ನೋಡುವುದು.

ಯಂತ್ರವು ತನಗೆ ಕೊಟ್ಟದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆ ಮನೆ ಯಾರದು, ಅದರ ಮೂಡಣ ದಿಕ್ಕಿಗೆ ಯಾರ ಗೋಡೆಯಿದೆ ಎಂಬುದನ್ನು ಬಲ್ಲವರು ಊರಿನವರು. ಅವರ ತಿಳಿವಳಿಕೆ ದಾಖಲೆಗೆ ಸರಿಯಾಗಿ ಸೇರುವಂತೆ ನೋಡಿಕೊಳ್ಳುವುದು ಸದಸ್ಯರಿಂದ ಆಗಬೇಕಾದ ಕೆಲಸ.